ಹಳ್ಳದಾಚೆಗೆ ಏಳ್ಸೊನ್ನೇಳು

ಒಂದು ಕಾಲವಿತ್ತು, ಆಗ ಕಂಬಗಳಿದ್ದವು, ತಂತಿ ಇರಲಿಲ್ಲ. ಸಾಲಾಗಿ ನಿಂತ ಬರಿಗಂಬಗಳನ್ನು ನೋಡಿದ ನಮ್ಮೂರಿನ ಹೆಂಗಸರು, ಇವು ಯಾರನ್ನೋ ಎದುರುಗೊಳ್ಳಲು ನಿಂತಿವೆ ಎಂದು ತಿಳಿದು ಒಂದೊಂದಕ್ಕೂ ಕುಂಕುಮ ಹಚ್ಚಿದರಂತೆ. ಆಮೇಲೆ ಒಂದು ದಿನ ಎತ್ತಿನ ಬಂಡಿಯ ಮೇಲೆ ತಂತಿಯ ಉರುಳೆ ಬಂತು. ಉರುಳೆಯ ಹಿಂದೆ ಸಾಹೇಬ ಬಂದ. "ನಿಮ್ಮ ಊರು ಎಲ್ಲೀತನಕ?" ಎಂದು ಕೇಳಿದ. ಯಾರಿಗೂ ಗೊತ್ತಿರಲಿಲ್ಲ. ಹೊಲ ಮುಗಿಯುವತನಕ ಎಂದು ಒಬ್ಬ ಹೇಳಿದರೆ, ನಮ್ಮ ನಾಯಿ ಬೊಗಳಿದ್ದು ಕೇಳಿಸುವತನಕ ಎಂದು ಇನ್ನೊಬ್ಬ ಹೇಳಿದ. ಸಾಹೇಬನಿಗೆ ಹಸಿವಾಗಿತ್ತು. "ಉರುಳಿ ಬಿಚ್ಚಿಕೋತ ಹೋಗ್ರಿ. ತಂತಿ ಎಲ್ಲಿ ತೀರತೈತೋ ಅಲ್ಲೀತನಕ ಫೋನಿಗೆ ಒಂದ ಕೋಡು" ಎಂದ. ಬಂಡಿ ಪೇಟೆ ದಾಟಿತು, ಹಿಟ್ಟಿನ ಗಿರಣಿ ದಾಟಿತು, ಹಳ್ಳ ದಾಟಿತು. ಹಳ್ಳದಾಚೆಯ ಗಾಣದ ಮನೆಯ ಮುಂದಿನ ಬೇವಿನ ಮರದ ಹತ್ತಿರ ಉರುಳೆ ಬರಿದಾಯಿತು. ತಂತಿಯ ತುದಿಯನ್ನು ಬೇವಿನ ಮರಕ್ಕೆ ಸುತ್ತಿ, ಗಾಣದ ಮನೆಯಲ್ಲಿ ಉಂಡು, ಊರಿಗೆ ಏಳು-ಸೊನ್ನೆ-ಏಳು ಎಂಬ ಕೋಡನ್ನು ಕೊಟ್ಟು ಸಾಹೇಬ ಹೋದ.

ಇದು ನನ್ನ ಆಯಿ ಹೇಳುವ ಕತೆ. ಆಯಿ ಎಂದರೆ ನನ್ನ ಅಪ್ಪನ ತಾಯಿ, ಬಾಳವ್ವ. ಗಾಣದ ಮನೆ ಅವಳ ತವರು. ಸಾಹೇಬನಿಗೆ ರೊಟ್ಟಿ ಬಡಿಸಿದ್ದು ತಾನೇ ಎನ್ನುತ್ತಾಳೆ. ಹೇಳಿದಾಗೊಮ್ಮೆ ಸಾಹೇಬ ಬೇರೆ ಬೇರೆ ಪಲ್ಯ ಉಂಡಿರುತ್ತಾನೆ. ಕತೆಯಲ್ಲಿ ಬದಲಾಗದೆ ಉಳಿಯುವುದು ಒಂದೇ. ಸಾಹೇಬ ಉಣ್ಣುತ್ತಿದ್ದಾಗ ಗಾಣ ತಿರುಗುತ್ತಿತ್ತು, ಎತ್ತಿಗೆ ನೀರು ಕುಡಿಸುವುದು ಸಣ್ಣ ಬಾಳವ್ವನ ಕೆಲಸವಾಗಿತ್ತು, ಬಡಿಸುವ ಸಡಗರದಲ್ಲಿ ಅವಳು ಅದನ್ನು ಮರೆತಳು, ಅವಳಪ್ಪ ಅವತ್ತು ಅವಳಿಗೆ ಉಣ್ಣಲು ಕೊಡಲಿಲ್ಲ.

ಏಳ್ಸೊನ್ನೇಳಿನ ಜನ ರಿಸೀವರ್ ಎತ್ತಿದರೆ ಮೊದಲು ಮೂಗಿಗೆ ಹಿಡಿಯುತ್ತಿದ್ದರು, ಆಮೇಲೆ ಕಿವಿಗೆ. ಆ ಕಡೆಯ ಮನೆಯಲ್ಲಿ ಏನು ಹುರಿಯುತ್ತಿದ್ದರೋ, ಏನು ಸೀದಿತ್ತೋ, ಕೂಸು ಯಾವ ಮೂಲೆಯಲ್ಲಿ ಉಚ್ಚೆ ಹೊಯ್ದಿತ್ತೋ ಎಲ್ಲವೂ ಬರುತ್ತಿತ್ತು. ಒಂದು ಉಸಿರು ಎಳೆದುಕೊಳ್ಳುವತನಕ ಯಾರೂ ಮಾತಾಡುತ್ತಿರಲಿಲ್ಲ. ಎತ್ತಿದ ಕೂಡಲೇ ಹಲೋ ಎಂದವರು ಹೊರಗಿನ ಕೋಡಿನವರು ಎಂದು ಗೊತ್ತಾಗುತ್ತಿತ್ತು. ಪೇಟೆಯ ದೊಡ್ಡ ಮನೆಯವರು ಫೋನನ್ನು ಒಲೆಯ ಪಕ್ಕದಲ್ಲಿಟ್ಟುಕೊಂಡು, ಬೆಣ್ಣೆ ಕಾಸುವ ಹೊತ್ತು ನೋಡಿ ನಂಟರಿಗೆಲ್ಲ ಫೋನ್ ಮಾಡುತ್ತಿದ್ದರು. ಮನೆಯಲ್ಲಿ ಏನೂ ಇಲ್ಲದವರು ಒಂದು ಉಳ್ಳಾಗಡ್ಡಿಯನ್ನು ಕೆಂಡದ ಮೇಲೆ ಹಾಕಿ ಆಮೇಲೆ ನಂಬರ್ ತಿರುಗಿಸುತ್ತಿದ್ದರು. ಹೆಣ್ಣು ನೋಡಲು ಬರುವ ಮೊದಲು ಗಂಡಿನ ಕಡೆಯವರು ಫೋನ್ ಮಾಡುವರು. ಆ ದಿನ ಓಣಿಯವರೆಲ್ಲ ತಂತಮ್ಮ ಬಾಣಲೆ ಹೊತ್ತು ಹೆಣ್ಣಿನ ಮನೆಗೆ ಬಂದು ವಾಸನೆ ಕಡ ಕೊಟ್ಟು ಹೋಗುತ್ತಿದ್ದರು. ಸಾವಾದ ಮನೆಯಲ್ಲಿ ರಿಸೀವರಿಗೆ ಒದ್ದೆ ಬಟ್ಟೆ ಸುತ್ತಿಡುತ್ತಿದ್ದರು. ಬೇರೆ ಊರುಗಳಲ್ಲಿ ಹೊಟ್ಟೆಕಿಚ್ಚು ಎಲ್ಲಿ ಹುಟ್ಟುತ್ತದೆಯೋ ನನಗೆ ತಿಳಿಯದು, ನಮ್ಮೂರಿನಲ್ಲಿ ಮೂಗಿನಲ್ಲಿ ಹುಟ್ಟುತ್ತಿತ್ತು.

ತನ್ನ ಮನೆಯ ವಾಸನೆ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಅದರೊಳಗೇ ಇರುವವರಿಗೆ ಅದು ಹೇಗೆ ತಿಳಿಯಬೇಕು? ಮದುವೆಯಾಗದ ಹೆಣ್ಣು ತನ್ನ ಮನೆಗೆ ತಾನು ಫೋನ್ ಮಾಡಬಾರದು ಎಂಬುದು ನಮ್ಮಲ್ಲಿ ಕಟ್ಟುನಿಟ್ಟು. ಮಾಡಿದರೆ ಆ ಮನೆಗೆ ಅವಳು ಆ ದಿನದಿಂದ ನೆಂಟಳಂತೆ. ಮದುವೆಯಾಗಿ ಹೋದವಳು ಗಂಡನ ಮನೆಯಿಂದ ಮಾಡುವ ಮೊದಲ ಫೋನಿಗೆ ತವರುಸಿರು ಎಂದು ಹೆಸರಿತ್ತು. ಓಣಿಯ ಹೆಂಗಸರೆಲ್ಲ ಸುತ್ತ ಕೂಡುತ್ತಿದ್ದರು. ರಿಸೀವರ್ ಮೂಗಿಗೆ ತಾಕುತ್ತಿದ್ದಂತೆ ಹುಡುಗಿಗೆ ಅಳು ಬರಬೇಕು, ಬರುತ್ತಿತ್ತು. "ಯವ್ವಾ, ನಮ್ಮ ಮನಿ ಇಷ್ಟ ನಾರತಿತ್ತೇನ?" ಎಂದು ಕೇಳಿದ ಒಬ್ಬಳ ಕತೆಯೂ ಇದೆ, ಅವಳೂ ಅತ್ತೇ ಕೇಳಿದ್ದಳಂತೆ.

ಇನ್ನು ನಂದಕ್ಕನ ಮಾತು ಹೇಳಬೇಕು. ಮಹಾನಂದಾ ನನ್ನ ದೊಡ್ಡಪ್ಪನ ಮಗಳು. ನಮ್ಮ ಅವ್ವಂದಿರು ಹತ್ತಿಯ ಗಿರಣಿಗೆ ದುಡಿಯಲು ಹೋಗುತ್ತಿದ್ದರಿಂದ ನಮ್ಮಿಬ್ಬರನ್ನೂ ಸಾಕಿದ್ದು ಆಯಿಯೇ. ಕತೆ ಹೇಳುವಾಗ ಅವಳು ಆ ಮಗ್ಗುಲಿಗೆ, ನಾನು ಈ ಮಗ್ಗುಲಿಗೆ. ಆಯಿ ಹೊರಳುವುದು ಮಾತ್ರ ಯಾವಾಗಲೂ ಆ ಮಗ್ಗುಲಿಗೆ. ಎಡಗಿವಿ ಮಂದ, ಬಲಗಿವಿ ಮೇಲಾಗಬೇಕು ಎಂದು ಕಾರಣ ಹೇಳುತ್ತಿದ್ದಳು. ನಾನು ಅರ್ಧ ಕತೆಗಳನ್ನು ಆಯಿಯ ಬೆನ್ನಿನಿಂದ ಕೇಳಿದವಳು. ಇವತ್ತಿಗೂ ನನ್ನ ಕಣ್ಣಿಗೆ ರಾಜಕುಮಾರಿಯರೆಲ್ಲ ಬೆನ್ನು ತಿರುಗಿಸಿಯೇ ನಿಂತಿರುತ್ತಾರೆ. ನಂದಕ್ಕನ ಕೂದಲು ಮೊಣಕಾಲಿಗೆ ಬರುತ್ತಿತ್ತು. ಅವಳಿಗಾಗಿ ಆಯಿ ಸೀಗೆಕಾಯಿ ಕುಟ್ಟುತ್ತಿದ್ದಳು, ಮನೆ ತುಂಬ ಎಲ್ಲರೂ ಸೀನುತ್ತಿದ್ದರು. ನನ್ನ ಗಿಡ್ಡ ಕೂದಲಿಗೆ ಸಾಬೂನು ಸಾಕಾಗಿತ್ತು.

ಅವಳನ್ನು ಗಾಣದ ಮನೆಗೆ, ತನ್ನ ಅಣ್ಣನ ಮೊಮ್ಮಗ ಬಸಲಿಂಗನಿಗೆ ಕೊಟ್ಟದ್ದು ಆಯಿಯೇ. "ನನ್ನ ತವರಿಗೆ ನನ್ನ ಮೊಮ್ಮಗಳು ಹೋದ್ರ ದಿನಾ ಸಂಜಿಕ ಫೋನಿನ್ಯಾಗ ಗಾಣದ ವಾಸನಿ ಬರತೈತಿ" ಎಂದು ಊರ ತುಂಬ ಹೇಳಿಕೊಂಡಳು. ಮೊಮ್ಮಗಳು ನಾನೂ ಇದ್ದೆ. ಅದನ್ನು ಯಾರೂ ಆಯಿಗೆ ನೆನಪಿಸಲಿಲ್ಲ. ನಿಶ್ಚಯದ ಹೊತ್ತಿಗೆ ಗಾಣದ ಮನೆ ಏಳ್ಸೊನ್ನೇಳಿನಲ್ಲಿತ್ತು, ಅಕ್ಕಿಕಾಳು ಬೀಳುವ ಹೊತ್ತಿಗೆ ಇರಲಿಲ್ಲ. ಹಳ್ಳದಾಚೆ ಹೊಸ ಎಕ್ಸ್‌ಚೇಂಜ್ ಬಂದು, ಆ ದಂಡೆಯನ್ನೆಲ್ಲ ದೊಡ್ಡ ಪಟ್ಟಣದ ಕೋಡಿಗೆ ಸೇರಿಸಿದರು. ಏಳ್ಸೊನ್ನೇಳು ಬೇವಿನ ಮರದಿಂದ ಹಿಂದೆ ಸರಿದು ಹಿಟ್ಟಿನ ಗಿರಣಿಯ ಕಂಬಕ್ಕೆ ಬಂದು ನಿಂತಿತು. ಪಟ್ಟಣದ ಕೋಡಿನಲ್ಲಿ ಬರುವುದು ಬರೀ ಮಾತು. ನಂದಕ್ಕನ ತವರುಸಿರಿಗೆ ನಮ್ಮ ಮನೆಯಲ್ಲಿ ಆಯಿ ಶೇಂಗಾ ಹೋಳಿಗೆ ಮಾಡಿಸಿ, ಹೆಂಚು ಇಳಿಸದೆ ಕಾದಿದ್ದಳು. ಫೋನ್ ಬಂತು. ಆಚೆ ಅವಳು ಉಸಿರೆಳೆದುಕೊಂಡ ಸಪ್ಪಳ ಎರಡು ಮೂರು ಸಲ ಕೇಳಿಸಿತು. ಆಮೇಲೆ "ಆಯಿ, ಏನೂ ಬರವಲ್ದು" ಎಂದಳು. ನಾನು ಅವತ್ತು ಇನ್ನೊಂದು ಹೋಳಿಗೆ ಹಾಕಿಸಿಕೊಂಡು ಉಂಡೆ.

ಆದರೂ ಅವಳ ಫೋನ್ ದಿನವೂ ಬರುತ್ತಿತ್ತು. ಆಯಿ ಹಟಕ್ಕೆ ಬಿದ್ದವಳಂತೆ ರಿಸೀವರನ್ನು ಮೊದಲು ಮೂಗಿಗೇ ಒತ್ತಿಕೊಳ್ಳುವಳು. ಏನೂ ಬಾರದಿದ್ದಾಗ ಕಿವಿಗೆ ಇಟ್ಟುಕೊಂಡು, "ಎತ್ತಿಗೆ ನೀರ ಕುಡಿಸೀರೇನ?" ಎಂದು ಕೇಳುವಳು. ಯಂತ್ರದಲ್ಲಿ ಹಿಂಡಿದ ಎಣ್ಣೆ ಬಂದ ಮೇಲೆ ಗಾಣ ನಿಂತು ಹೋಗಿತ್ತು, ಅಲ್ಲಿ ಎತ್ತೇ ಇರಲಿಲ್ಲ. "ಕುಡಿಸೀವಿ ಆಯಿ" ಎಂದು ನಂದಕ್ಕ ಹೇಳುತ್ತಿದ್ದಳು. ಅಲ್ಲಿಂದ ಶುರುವಾದ ಮಾತು ನಾನು ರೊಟ್ಟಿ ಬಡಿದು ಮುಗಿಸಿದರೂ ಮುಗಿಯುತ್ತಿರಲಿಲ್ಲ. ಮಗ್ಗುಲಲ್ಲಿ ಮಲಗುವವಳು ನಾನು, ಕಾಲು ಒತ್ತುವವಳು ನಾನು, ಬಚ್ಚಲಿಗೆ ಕೈಹಿಡಿದು ಕರೆದೊಯ್ಯುವವಳು ನಾನು. ಆಯಿಯ ಮುಖ ಅರಳುತ್ತಿದ್ದುದು ವಾಸನೆಯಿಲ್ಲದ ಒಂದು ಕರಿ ರಿಸೀವರಿಗೆ. ನಾನು ಹೊಲಿಗೆ ಯಂತ್ರದ ಮುಂದೆ ಕೂತು ಗಾಲಿಯನ್ನು ಜೋರಾಗಿ ತುಳಿಯುತ್ತಿದ್ದೆ, ಅವರ ಮಾತು ಅವರಿಗೇ ಕೇಳಿಸದಿರಲಿ ಎಂದು.

ಈ ವರ್ಷ ಆಯಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿಯಿತು. ಹಾಸಿಗೆಯಿಂದ ಎತ್ತಿದರೆ ಚೀರುತ್ತಿದ್ದಳು. ಅದೇ ಹೊತ್ತಿಗೆ ಮೈಕು ಕಟ್ಟಿದ ಆಟೋ ಒಂದು ಓಣಿ ಓಣಿ ತಿರುಗಿ ಸಾರಿತು: ಬರುವ ಅಮಾವಾಸ್ಯೆಯ ದಿನ ದೀಪ ಹಚ್ಚುವ ಹೊತ್ತಿಗೆ ಏಳು-ಸೊನ್ನೆ-ಏಳು ರದ್ದಾಗಿ, ಎಲ್ಲ ಫೋನುಗಳೂ ಪಟ್ಟಣದ ಕೋಡಿಗೆ ಸೇರತಕ್ಕದ್ದು. ಅವತ್ತಿನಿಂದ ಊರಿಗೆ ಊರೇ ಫೋನಿಗೆ ಮೂಗು ಹಚ್ಚಿ ಕೂತಿತು. ಜಗಳಾಡಿ ಮಾತು ಬಿಟ್ಟವರೂ ಒಬ್ಬರಿಗೊಬ್ಬರು ಫೋನ್ ಮಾಡಿ, ಮಾತಾಡದೆ, ವಾಸನೆ ತೆಗೆದುಕೊಂಡು ಇಟ್ಟರು. ಅಂಗಡಿಗಳಲ್ಲಿ ಇಂಗು ಸಿಗದಂತಾಯಿತು.

ಒಂದು ಸಂಜೆ ಆಯಿ ನನ್ನನ್ನು ಕರೆದಳು.

"ದ್ರಾಕ್ಷಿ, ಕೋಡ ಹೋಗತೈತಂತಲ್ಲ."

"ಹೌದಂತ ಆಯಿ."

"ಅದು ಹೋಗೂದರಾಗ ನಮ್ಮ ಗಾಣದ ವಾಸನಿ ಒಂದ ಸಲ ಮೂಗಿಗೆ ತಂದ ಕೊಡು. ಆಮ್ಯಾಲ ಹೋಗವಲ್ತ್ಯಾಕ."

"ನಂದಕ್ಕಗ ಹೇಳು. ದಿನಾ ಅಕಿ ಕೂಡನ ಮಾತಾಡ್ತಿ."

"ಅಕಿ ಆಕಡಿ ದಂಡಿ ಮ್ಯಾಲ ಅದಾಳ, ಅಕಿ ಏನ ತರ್ತಾಳ? ಈ ದಂಡಿ ಮ್ಯಾಲ ಇರಾಕಿ ನೀನು. ನಿನಗ ಹೇಳಾಕತ್ತೀನಿ."

ನಂದಕ್ಕನಿಂದ ಆಗದ್ದು, ನನ್ನಿಂದ ಆಗುವಂಥದ್ದು ಎಂದು ಆಯಿ ಏನನ್ನಾದರೂ ಕೇಳಿದ್ದು ಅದೇ ಮೊದಲು. ಅವಳ ಅಂಗೈ ಮೇಲೆ ಅಂಗೈ ಇಟ್ಟು ತರುತ್ತೇನೆ ಎಂದೆ.

ಮೊದಲು ಸುಲಭದ ದಾರಿ ನೋಡಿದೆ. ಎರಡು ಹಗಲು ಬಸ್ಸಿನಲ್ಲಿ ಕೂತು, ಇನ್ನೂ ಗಾಣವಿದ್ದ ದೂರದ ಒಂದು ಹಳ್ಳಿಯಿಂದ ಕುಸುಬಿ ಎಣ್ಣೆಯನ್ನೂ ಹಿಂಡಿಯನ್ನೂ ತಂದು ಆಯಿಯ ಮೂಗಿನ ಹತ್ತಿರ ಹಿಡಿದೆ. ಆಯಿ ಮುಖ ತಿರುಗಿಸಿದಳು. "ಇದು ಡಬ್ಬಿ ವಾಸನಿ. ಇದರಾಗ ಎತ್ತ ಎಲ್ಲೈತಿ? ಕಟಿಗಿ ಎಲ್ಲೈತಿ? ನಮ್ಮಪ್ಪನ ಬೀಡಿ ಎಲ್ಲೈತಿ?" ಬೀಡಿ ಎಲ್ಲಿಂದ ತರಲಿ, ನಿಮ್ಮಪ್ಪ ಹೋಗಿ ಎಷ್ಟು ಕಾಲವಾಯಿತು ಎಂದರೆ, "ಗ್ವಾಡಿ ಹಿಡಕೊಂಡಿರತೈತಿ, ಹೋಗಿ ನೋಡು" ಎಂದಳು. ಅಲ್ಲಿಗೆ ಬೇರೆ ದಾರಿ ಉಳಿಯಲಿಲ್ಲ. ನಾನು ಹಳ್ಳ ದಾಟಿ ನಂದಕ್ಕನ ಮನೆಗೇ ಹೋಗಬೇಕಾಯಿತು.

ಅವಳು ಅಂಗಳದಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದಳು. ಕೂದಲನ್ನು ಕಟ್ಟದೆ ಬೆನ್ನ ಮೇಲೆ ಹರವಿದ್ದಳು, ಬೇಕೆಂದೇ ಎಂದು ನನಗನಿಸಿತು.

"ಬಾರವಾ, ಆಯಿ ಮಗ್ಗಲಿನ ಮಹಾರಾಣಿ. ದಾರಿ ತಪ್ಪಿತೇನ?"

"ಗಾಣದ ದೊರೆಸಾನಿ ಏನ ಮಾಡಾಕತ್ತಾಳ ನೋಡೂಣಂತ ಬಂದೆ."

"ಬಾ, ಗಾಣ ತೋರಸ್ತೀನಿ." ನನ್ನ ಕೈಹಿಡಿದು ಗಾಣದ ಚಪ್ಪರಕ್ಕೆ ಎಳೆದುಕೊಂಡು ಹೋದಳು. ಒರಳಿನ ಕಲ್ಲಿನೊಳಗೆ ಹುಲ್ಲು ಹಾಸಿತ್ತು, ಹುಲ್ಲಿನ ಮೇಲೆ ಕೋಳಿ ಕಾವಿಗೆ ಕೂತಿತ್ತು. "ನೋಡು, ಇದ ನನ್ನ ರಾಜ್ಯ. ಆಯಿ ನನಗ ಕೊಟ್ಟಿದ್ದು ಕೋಳಿ ತತ್ತಿ ಇಡೂ ಒಂದ ಕಲ್ಲು. ಕತಿ ಎಲ್ಲಾ ನಿನಗ ಬಿಟ್ಟಾಳ."

"ಕತಿ? ದಿನಾ ಸಂಜಿಕ ನಿನಗ ಹೇಳೂದೇನ ಮತ್ತ?"

"ನನಗೇನ ಹೇಳ್ತಾಳ? ದ್ರಾಕ್ಷಿ ಇವತ್ತ ರೊಟ್ಟಿ ತೆಳ್ಳಗ ಬಡದ್ಲು, ದ್ರಾಕ್ಷಿ ಯಾರದೋ ಕುಬಸಕ್ಕ ತೋಳ ಚಲೋ ಕುಂದ್ರಿಸಿದ್ಲು, ದ್ರಾಕ್ಷಿಗೆ ನೆಗಡಿ ಬಂದೈತಿ. ದ್ರಾಕ್ಷಿ, ದ್ರಾಕ್ಷಿ, ದ್ರಾಕ್ಷಿ. ನಾ ಇಲ್ಲೆ ಸತ್ತೀನೋ ಇದ್ದೀನೋ ಕೇಳೂದಿಲ್ಲ, ಎತ್ತಿಗೆ ನೀರ ಕುಡಿಸೀರೇನ ಅಂತ ಕೇಳ್ತಾಳ."

ನಾನು ನಂಬಲಿಲ್ಲ. ನಂಬಿದ್ದರೆ ಇಷ್ಟು ವರ್ಷ ಹೊಲಿಗೆ ಯಂತ್ರ ತುಳಿದದ್ದು ಯಾತಕ್ಕೆ ಎಂಬ ಪ್ರಶ್ನೆ ಬರುತ್ತಿತ್ತು. ಬಂದ ಕೆಲಸ ಹೇಳಿದೆ. ನಂದಕ್ಕ ಕೇಳುತ್ತ ಕೇಳುತ್ತ ಕೋಳಿಯ ಬೆನ್ನು ಸವರಿದಳು.

"ಅಮಾಸಿ ದಿನ ಗಾಣ ಹೂಡೂಣು" ಎಂದಳು. "ಕುಸುಬಿ ಅದಾವು. ಎತ್ತ ಅವರಿವರನ್ನ ಕೇಳಿದ್ರ ಸಿಗತಾವು. ಆದರ ನಮ್ಮನಿ ಫೋನ ಪಟ್ಟಣದ್ದು. ವಾಸನಿ ಹೋಗೂದಿಲ್ಲ."

"ಲೈನ್‌ಮನ್ ದಾವಲ ಕಾಕಾನ ಕೇಳ್ತೀನಿ. ಗಿರಣಿ ಕಂಬದಿಂದ ಇಲ್ಲೀತನಕ ತಂತಿ ಎಳದ್ರ ಆತಿಲ್ಲೊ."

"ಹಂಗಾರ ಫೋನ ನಾ ಮಾಡ್ತೀನಿ. ನೀ ಆಯಿ ಹತ್ತರ ಕುಂದ್ರು."

ಅವಳು ಅದನ್ನು ಬಹಳ ಮೆಲ್ಲಗೆ ಹೇಳಿದಳು. ನನಗೆ ಮಾತ್ರ ಎಲ್ಲವೂ ಕಣ್ಣಿಗೆ ಕಟ್ಟಿತು. ತಂತಿ ಎಳೆಸಿದವಳು ನಾನು, ಕುಸುಬಿ ಹುಡುಕಿ ಬಸ್ಸು ಹತ್ತಿದವಳು ನಾನು. ಕಡೆಗೆ ಆಯಿಯ ಮೂಗಿಗೆ ಗಾಣ ತಲುಪುವುದು ನಂದಕ್ಕನ ಕೈಯಿಂದ. ಆಯಿ ಊರಿಗೆಲ್ಲ ಹೇಳುವಳು: ನನ್ನ ನಂದಾ ತಂದ ಕೊಟ್ಟಳು.

"ಬ್ಯಾಡ. ಮಾತ ಕೊಟ್ಟಾಕಿ ನಾನು. ನಾನ ಮಾಡ್ತೀನಿ. ನೀ ಅಲ್ಲಿ ಹೋಗಿ ರಿಸೀವರ್ ಹಿಡಕೊಂಡ ಕುಂದ್ರು."

"ಮದುವಿ ಆಗದಾಕಿ ನೀ. ನಿಮ್ಮನಿಗೆ ನೀ ಫೋನ ಮಾಡಬಾರದು."

"ಕೋಡ ಸಾಯೂ ದಿನ ಶಾಸ್ತ್ರ ಯಾರ ನೋಡ್ತಾರ?"

ಅವಳು ಕೋಳಿಯನ್ನು ಎತ್ತಿ ಕೆಳಗಿಟ್ಟು, ಒರಳಿನೊಳಗಿನ ಮೊಟ್ಟೆಗಳನ್ನು ಒಂದೊಂದಾಗಿ ತೆಗೆದು ಸೆರಗಿನಲ್ಲಿ ಹಾಕಿಕೊಂಡಳು. ಕೊನೆಯದನ್ನು ತೆಗೆದ ಮೇಲೂ ಕೈ ಒರಳಿನಲ್ಲಿಯೇ ಇತ್ತು.

"ಆತ ಬಿಡು. ನೀನ ಮಾಡು" ಎಂದಳು.

ನಾನು ಹಳ್ಳ ದಾಟುವಾಗ ಹಾಡು ಗುನುಗಿದೆ. ಗೆದ್ದವರು ಹಾಗೆಯೇ ಮಾಡುತ್ತಾರೆ.

ಲೈನ್‌ಮನ್ ದಾವಲಸಾಬರನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ. ಅವರಿಗೆ ಅವರದೇ ಒಂದು ಉರಿ ಇತ್ತು. "ಆಕಡಿ ದಂಡಿ ಲೈನ್‌ಮನ್ನಗ ಹೊಸಾ ಸೈಕಲ್ ಕೊಟ್ಟಾರ ತಂಗಿ, ಗಂಟಿ ಬ್ಯಾರೆ ಐತಿ ಅದಕ್ಕ. ನನಗ ಅಮಾಸಿ ಮರುದಿನದಿಂದ ತಂತಿ ಸುತ್ತೂ ಕೆಲಸ. ಸುತ್ತಿಡೂ ತಂತಿ ಹಿಂದಿನ ದಿನ ಒಂದೀಟ ಹಾಸಿದ್ರ ಅದಕ್ಕೇನ ಮುಪ್ಪ ಬರತೈತೇನ? ಅವನ ದಂಡಿ ಮ್ಯಾಲ ನಮ್ಮ ಏಳ್ಸೊನ್ನೇಳು ಒಂದ ತಾಸರ ನಿಂತ ಬರ್ಲಿ." ಗಿರಣಿಯವರೂ ತಮ್ಮ ಫೋನನ್ನು ಬಿಚ್ಚಿಕೊಟ್ಟರು, ಹಿಟ್ಟಿನ ವಾಸನೆ ಬಿಟ್ಟು ಬೇರೇನನ್ನೂ ಕಾಣದ ಫೋನಿಗೆ ಒಂದು ದಿನ ಸುಖವಾಗಲಿ ಎಂದರು.

ಅಮಾವಾಸ್ಯೆಯ ದಿನ ಮಧ್ಯಾಹ್ನ ದಾವಲಸಾಬರು ಗಿರಣಿಯ ಕಂಬದಿಂದ ತಂತಿ ಹಿಡಿದು ಹೊರಟರು. ಹಳ್ಳದ ಜಾಲಿ ಮರಗಳ ಮೇಲೆ ಹಾಯಿಸುತ್ತ, ಆಚೆ ದಂಡೆ ಹತ್ತಿ, ಬೇವಿನ ಮರದ ಹತ್ತಿರ ಬಂದರು. ಅಲ್ಲಿ ಸುರುಳಿ ತೀರಿತು. ಅವರು ಬರಿಗೈಯನ್ನು ನೋಡಿಕೊಂಡರು, ನಾನು ಬೇವಿನ ಮರವನ್ನು ನೋಡಿದೆ. ಆಯಿಯ ಕತೆಯಲ್ಲಿ ತೀರಿದ ಜಾಗದಲ್ಲೇ ತೀರಿತ್ತು. "ಈ ಮರಕ್ಕ ತಂತಿ ನುಂಗೂ ಚಟ ಐತೋ ಏನೋ" ಎಂದು ಬೈಯುತ್ತ ದಾವಲಸಾಬರು ಫೋನನ್ನು ಬೇವಿನ ಬುಡದಲ್ಲಿ ಒಂದು ಮಣೆಯ ಮೇಲೆ ಇಟ್ಟರು. ಬಸಲಿಂಗ ಮಾವ ಗಾಣದ ಚಪ್ಪರದ ಈ ಕಡೆಯ ತಟ್ಟಿಯನ್ನೇ ಕಿತ್ತು ಹಾಕಿದ. ಒರಳಿಗೂ ಫೋನಿಗೂ ನಡುವೆ ಈಗ ಅಂಗಳವೊಂದೇ ಇತ್ತು.

ನಂದಕ್ಕ ಆಯಿಯ ಹತ್ತಿರ ಹೋಗಲು ಹೊರಟು ನಿಂತವಳು ಒಮ್ಮೆ ಫೋನಿನ ಕಡೆ ನೋಡಿದಳು. "ಮೊದಲ ಮೂಗಿಗೆ ಹಿಡಿ, ಮರೀಬ್ಯಾಡ" ಎಂದಳು. ನನಗೆ ಯಾರಾದರೂ ಅದನ್ನು ಹೇಳಿಕೊಡಬೇಕೇ ಎಂದು ಸಿಟ್ಟು ಬಂತು.

ಕಡ ತಂದ ಎತ್ತು ನೇಗಿಲಿನದು. ನೆಟ್ಟಗೆ ನಡೆಯುವುದು ಬಿಟ್ಟರೆ ಅದಕ್ಕೆ ಬೇರೆ ವಿದ್ಯೆ ತಿಳಿಯದು. ಗಾಣಕ್ಕೆ ಹೂಡಿದರೆ ಚಪ್ಪರ ಬಿಟ್ಟು ಹೊಲದ ಕಡೆಗೇ ಜಗ್ಗುತ್ತಿತ್ತು. ಬಸಲಿಂಗ ಮಾವ ಹಸಿ ಮೇವಿನ ಸಿವುಡನ್ನು ಅದರ ಮುಖದ ಮುಂದೆ ಹಿಡಿದು, ತಾನು ಹಿಂದೆ ಹಿಂದೆ ನಡೆಯುತ್ತ ಅದನ್ನು ಸುತ್ತು ತಿರುಗಿಸಿದ. ಬಿಸಿಲು ಇಳಿಯತೊಡಗಿತು. ಮರದ ದಿಂಡು ಕಲ್ಲಿನಲ್ಲಿ ನರಳುತ್ತಿತ್ತು, ಕುಸುಬಿ ಪುಡಿಯಾಗುತ್ತಿತ್ತು, ಎಣ್ಣೆ ಮಾತ್ರ ಕಾಣಲಿಲ್ಲ. "ಸೂರ್ಯ ಬೇವಿನ ಕೆಳಗಿಳದಾನ ತಂಗಿ, ಇನ್ನ ಬಾಳ ಹೊತ್ತಿಲ್ಲ" ಎಂದರು ದಾವಲಸಾಬರು. ಆಗ ಚಪ್ಪರದ ಕಡೆಯಿಂದ ಗಾಳಿ ತಿರುಗಿತು. ಹುರಿದದ್ದಲ್ಲದ, ಹಸಿಯೂ ಅಲ್ಲದ ಬೆಚ್ಚಗಿನ ಒಂದು ಕಮಟು. ಅದರ ಹಿಂದೆ ಬೆವರಿದ ಎತ್ತು, ಕಾದ ಕಟ್ಟಿಗೆ, ಹಳೆಯ ಗೋಡೆ. ಒರಳಿನ ತೂತಿನಿಂದ ಎಣ್ಣೆ ನೂಲಿನಂತೆ ಇಳಿಯುತ್ತಿತ್ತು.

ನಾನು ನಮ್ಮ ಮನೆಯ ನಂಬರ್ ತಿರುಗಿಸಿದೆ. ಹುಟ್ಟಿದ ಮೇಲೆ ಮೊದಲ ಸಲ ಅದನ್ನು ನನ್ನ ಬೆರಳು ತಿರುಗಿಸಿತ್ತು. ಆಚೆ ಎತ್ತಿದ ಸಪ್ಪಳವಾಯಿತು. ರೂಢಿಯಂತೆ ಯಾರೂ ಮಾತಾಡಲಿಲ್ಲ. ರೂಢಿಯಂತೆ ನಾನು ರಿಸೀವರನ್ನು ಮೂಗಿಗೆ ಹಿಡಿದೆ.

ಬಂತು.

ಮೊದಲು ನನಗದು ಯಾರ ಮನೆಯದೆಂದು ತಿಳಿಯಲಿಲ್ಲ. ಯಾರೋ ಬಹಳ ಒಳ್ಳೆಯವರ ಮನೆ ಎನಿಸಿತು. ತಣ್ಣಗಾದ ಬೂದಿ, ಸುಣ್ಣ ಹಚ್ಚಿದ ಎಲೆ, ಹೊಲಿಗೆ ಯಂತ್ರದ ಎಣ್ಣೆ, ಹೊಸ ಬಟ್ಟೆಯ ಗಂಜಿ, ಕೌದಿಯೊಳಗೆ ಮಲಗಿ ಎದ್ದ ಮೈಯ ಬಿಸುಪು, ಔಷಧಿ ಎಣ್ಣೆ. ಇಂಥ ಮನೆಯಲ್ಲಿ ಇರುವವರ ಪುಣ್ಯ ಎಂದು ನನ್ನೊಳಗೆ ಹಳೆಯ ಕಿಚ್ಚು ತಲೆಯೆತ್ತಿತು. ಹೊಲಿಗೆ ಯಂತ್ರ ನನ್ನದು, ಕೌದಿ ನಮ್ಮದು ಎಂದು ಗೊತ್ತಾದಾಗ ಬೇವಿನ ಬುಡದಲ್ಲಿ ಕೂತೆ. ಇಷ್ಟು ದಿನ ಊರಿನ ಮನೆಮನೆಯ ಮೇಲೂ ಕರುಬಿದವಳು ನಾನು, ಇದರೊಳಗೆ ಕೂತು ಕರುಬಿದ್ದೆ.

"ದ್ರಾಕ್ಷಿ." ನಂದಕ್ಕನ ದನಿ. "ಹೆಂಗೈತಿ?"

"ಎಣ್ಣಿ ಇಳ್ಯಾಕತ್ತೈತಿ. ಆಯಿ ಮೂಗಿಗೆ ಹಿಡಿ."

"ಹಿಡದ ಕೊಡ್ತೀನಿ. ಅದಲ್ಲ. ಮನಿ... ನಮ್ಮ ಮನಿ ಹೆಂಗೈತಿ?"

ಅವತ್ತು ಒರಳಿನೊಳಗೆ ಉಳಿದಿದ್ದ ಅವಳ ಕೈ ಆಗ ನನ್ನ ಕಣ್ಣ ಮುಂದೆ ಬಂತು. ಫೋನ ನಾ ಮಾಡ್ತೀನಿ ಎಂದು ಅವಳು ಕೇಳಿದ್ದು ಏನನ್ನು ಎಂದು ಆಗ ತಿಳಿಯಿತು. ಊರಿನ ಹೆಣ್ಣುಮಕ್ಕಳಿಗೆಲ್ಲ ಸಿಕ್ಕ ಒಂದು ಉಸಿರು ಅವಳೊಬ್ಬಳಿಗೆ ಸಿಕ್ಕಿರಲಿಲ್ಲ. ಅವಳಿಗೆಂದು ಬಂದ ಒಂದೇ ಸಲವನ್ನು ನಾನು ಕಿತ್ತುಕೊಂಡು, ಹಾಡು ಗುನುಗುತ್ತ ಹಳ್ಳ ದಾಟಿದ್ದೆ. ಅವಳೀಗ ಓಡಿ ಬಂದರೂ ಹೊತ್ತು ಮೀರುತ್ತಿತ್ತು. ದಾವಲಸಾಬರು ಆಕಾಶ ನೋಡುತ್ತ ಕಿವಿ ಕೆರೆದುಕೊಳ್ಳುತ್ತಿದ್ದರು.

ಹೇಳದೆ ಇರಬಹುದಿತ್ತು. ಇದೊಂದು ನನಗೇ ಇರಲಿ ಎನಿಸಿತು ಕೂಡ. ಅವಳ ಮುಂದೆ ನನ್ನ ಹತ್ತಿರ ಮಾತ್ರ ಇರುವಂಥದ್ದು ಬೇರೆ ಏನಿತ್ತು? ಇನ್ನೊಂದು ಸಲ ಮೂಗಿಗೆ ಹಿಡಿದೆ. ಎಲೆ, ಬೂದಿ, ಗಂಜಿ ಎಲ್ಲದರ ಅಡಿಯಲ್ಲಿ, ಗೋಡೆ ಹಿಡಿದುಕೊಂಡ ಬೀಡಿಯ ಹಾಗೆ, ಮತ್ತೊಂದಿತ್ತು. ಮೂಗು ತುರಿಸಿತು. ನಾನು ಸೀನಿದೆ.

"ನಂದಕ್ಕ" ಎಂದೆ. "ಒಂದಾನೊಂದ ಮನಿ ಇತ್ತು."

"ಹೂಂ" ಎಂದಳು. ಕತೆಗೆ ಹೂಂಗುಡುವುದನ್ನು ಅವಳು ಮರೆತಿರಲಿಲ್ಲ.

"ಆ ಮನಿಯಾಗ ಎಲಿ ಸುಣ್ಣದ ವಾಸನಿ ಇತ್ತು, ಅದು ಆಯಿ. ಆರಿದ ಬೂದಿ ವಾಸನಿ ಇತ್ತು, ಅದು ಅವ್ವಂದಿರು ಕೆಲಸಕ್ಕ ಹೋದ ಮ್ಯಾಲಿನ ಒಲಿ. ಮಷಿನ್ ಎಣ್ಣಿ, ಅದು ನಾನು."

"ಹೂಂ."

"ಇವೆಲ್ಲಾದರ ತಳಕ್ಕ ಸೀಗೀಕಾಯಿ ಕುಂತೈತಿ. ನೀ ಹೋದ ಮರುದಿನ ಡಬ್ಬಿ ತಗದ ಹಿತ್ತಲಕ್ಕ ಚೆಲ್ಲೀನಿ ನಾನು. ಹೋಗಿಲ್ಲ. ಮನಿ ತುಂಬ ನೀನ ಅದಿ."

ಹೂಂ ಬರಲಿಲ್ಲ. ಆಮೇಲೆ ಮೂಗು ಒರೆಸಿಕೊಂಡ ಸಪ್ಪಳ ಕೇಳಿಸಿತು. "ಡಬ್ಬಿ ಚೆಲ್ಲಿದ್ದು ನನಗ ಗೊತ್ತೈತಿ" ಎಂದಳು. "ಆಯಿ ಅವತ್ತ ಹೇಳ್ಯಾಳ. ದ್ರಾಕ್ಷಿಗೆ ನಿನ್ನ ನೆನಪ ತಡಕೊಳ್ಳಾಕ ಆಗವಲ್ದು ಅಂದ್ಲು."

"ತಂಗಿ, ಸಾಕು ಮಾಡು" ಎಂದರು ದಾವಲಸಾಬರು. ಪೇಟೆಯ ಕಡೆ ಮೊದಲ ದೀಪ ಕಾಣುತ್ತಿತ್ತು.

"ಆಯಿ ಮೂಗಿಗೆ ಹಿಡಿ, ಬೇಗ" ಎಂದು ನಾನು ರಿಸೀವರನ್ನು ಗಾಣದ ಕಡೆಗೆ, ವೈರು ಎಳೆಯುವಷ್ಟು ದೂರ ಚಾಚಿ ಹಿಡಿದೆ. ಎತ್ತು ಸುತ್ತು ಬಂತು, ಮತ್ತೊಂದು ಸುತ್ತು ಬಂತು. ಬಸಲಿಂಗ ಮಾವನ ಕೈಯಲ್ಲಿ ಮೇವು ತೀರಿತ್ತು, ಬರಿಗೈ ನೋಡುತ್ತಲೇ ಎತ್ತು ತಿರುಗುತ್ತಿತ್ತು. ತಡೆಯಲಾರದೆ ರಿಸೀವರನ್ನು ಕಿವಿಗೆ ತಂದುಕೊಂಡೆ.

"ಏನಂದಳು?"

"ಏನೂ ಅಂದಿಲ್ಲ. ಕಣ್ಣ ಮುಚ್ಯಾಳ."

"ಮಾರಿ ಹೆಂಗೈತಿ?" ಕೇಳುವಾಗ ನನ್ನೊಳಗೆ ಆ ಹಳೆಯದೇ ಕಿಚ್ಚು ಇತ್ತು. ಇಷ್ಟೆಲ್ಲ ಮಾಡಿ, ಆ ಮುಖ ನೋಡುತ್ತಿರುವವಳು ಅವಳು, ನಾನು ಹಳ್ಳದಾಚೆ. ಬೆನ್ನಿನ ಕಡೆಗೇ ಉಳಿದೆ.

"ಹೇಳೂದಿಲ್ಲ ಅಂದ್ರ?"

"ನಾ ಹೇಳಿಲ್ಲೇನ?"

ನಂದಕ್ಕ ನಕ್ಕಳು. "ಹಂಗಾರ ಕೇಳು. ಒಂದಾನೊಂದ ಹುಡುಗಿ ಇದ್ಲು. ಅಕಿ ಮೂಗಿನ ಹೊಳ್ಳಿ ಅರಳ್ಯಾವ. ಹುಬ್ಬ ಗಂಟ ಹಾಕ್ಯಾಳ. ಯಾರಿಗೋ ಬೈಯಾಕ ಬಾಯಿ ತಗದಾಳ..."

ಅಷ್ಟರಲ್ಲಿ ಅವಳ ದನಿಯನ್ನು ಬದಿಗೆ ಸರಿಸಿ ಮುರುಕು ಸೊಂಟದ, ಗಟ್ಟಿ ಗಂಟಲಿನ ಇನ್ನೊಂದು ದನಿ ಬಂತು.

"ಯಾರದು ಗಾಣದ ಮುಂದ? ದ್ರಾಕ್ಷಿ ಏನ? ಎತ್ತಿಗೆ ನೀರ ಕುಡಿಸಿಲ್ಲ ನೀವು. ವಾಸನಿ ಮ್ಯಾಲ ಗೊತ್ತಾಗವಲ್ದೇನ ನಿಮಗ? ಮೊದಲ ನೊಗದ ಕೊಳ್ಳ ಬಿಚ್ರಿ, ನೀರ ಕುಡಸ್ರಿ ಅದಕ್ಕ."

ನಾನು ತಿರುಗಿ ನೋಡಿದೆ. ಎತ್ತು ನಾಲಗೆ ಹೊರಹಾಕಿ ನಿಂತಿತ್ತು. ಹಗಲಿಡೀ ಯಾರೂ ಅದಕ್ಕೆ ನೀರು ತೋರಿಸಿರಲಿಲ್ಲ. ರಿಸೀವರನ್ನು ಇಡದೆ ಮಣೆಯ ಮೇಲೆ ಮಲಗಿಸಿ, ಬಾವಿಯ ಕಡೆಗೆ ಕೊಡ ಹಿಡಿದು ಓಡಿದೆ.